ಸಾಕುಪ್ರಾಣಿ ಪ್ರಶ್ನೋತ್ತರ: ಮೂಲೆ ಬಿಟ್ಟು ಬರದ ಗಿನಿಪಿಗ್

ಪ್ರಶ್ನೆ: ಡಾಕ್ಟ್ರೇ, ಮಗಳು ಹಟ ಮಾಡಿದ್ಲು ಅಂತ ಒಂದು ಗಿನಿಪಿಗ್ ತಂದಿದೀವಿ. ಅಂಗಡಿಯವರು ಕೊಟ್ಟ ಕೇಜಿನ ತಳನೂ ತಂತಿ ಜಾಲರಿನೇ, ಹಿಕ್ಕೆ ಕೆಳಗೆ ಬಿದ್ದೋಗತ್ತೆ, ಕ್ಲೀನ್ ಮಾಡೋದು ಸುಲಭ ಅಂದ್ರು. ಒಳಗೆ ಓಡೋಕೆ ಒಂದು ಚಕ್ರ ಇದೆ, ಅದು ಅದರ ಹತ್ರನೂ ಹೋಗಲ್ಲ. ದಿನಪೂರ್ತಿ ಮೂಲೆಲೇ ಕೂತಿರತ್ತೆ. ಹುಷಾರಿಲ್ವಾ, ಭಯನಾ?

ಉತ್ತರ: ಮೊದ್ಲು ಒಂದು ಕೈ ಎದೆ ಕೆಳಗೆ, ಇನ್ನೊಂದು ಹಿಂಭಾಗದ ಕೆಳಗೆ ಕೊಟ್ಟು ನಿಧಾನಕ್ಕೆ ಎತ್ತಿ ಅದರ ಪಾದ ನೋಡಿ. ಗಿನಿಪಿಗ್ ಪಾದದ ಅಡಿಲಿ ಕೂದಲಿರಲ್ಲ, ಬರೀ ಚರ್ಮ, ಇಡೀ ದಿನ ತಂತಿ ಮೇಲೆ ನಿಂತ್ರೆ ಕೆಂಪಾಗಿ ಊದ್ಕೊಂಡು ಹುಣ್ಣಾಗತ್ತೆ, ಬಿಟ್ರೆ ಇನ್ಫೆಕ್ಷನ್ ಮೂಳೆವರೆಗೂ ಹೋಗತ್ತೆ. ಜಾಲರಿ ತಳ ಇವತ್ತೇ ತೆಗೀರಿ. ಚಕ್ರನೂ ತೆಗೀರಿ, ಅದು ಇಲಿ ತರದ ಪುಟ್ಟ ಪ್ರಾಣಿ ಹ್ಯಾಮ್‌ಸ್ಟರ್‌ಗೆ ಮಾಡಿದ್ದು, ಗಿನಿಪಿಗ್ ಬೆನ್ನು ಆ ತರ ಬಾಗಲ್ಲ, ಅದಕ್ಕೇ ಅದು ಹತ್ತಿರ ಹೋಗ್ತಿಲ್ಲ, ನಿಮ್ಮ ಅಂಗಡಿಯವರಿಗಿಂತ ಅದಕ್ಕೇ ಬುದ್ಧಿ ಜಾಸ್ತಿ ಅನ್ಸತ್ತೆ.

ಎರಡು ಗಿನಿಪಿಗ್‌ಗೆ ಕಮ್ಮಿ ಅಂದ್ರೂ 2 ಅಡಿ ಅಗಲ, 4 ಅಡಿ ಉದ್ದದ ಜಾಗ ಬೇಕು. ಇವು ಬೆಕ್ಕಿನ ತರ ಹತ್ತೋ ಪ್ರಾಣಿ ಅಲ್ಲ, ನೆಲದ ಮೇಲೆ ಓಡಾಡೋವು, ಆದ್ರಿಂದ ಕೇಜಿಗೆ ಮೂರು ಮಹಡಿ ಇದ್ರೂ ಲೆಕ್ಕಕ್ಕೆ ಬರೋದು ನೆಲದ ಅಳತೆನೇ. ಗಟ್ಟಿ ತಳದ ಮೇಲೆ ನೀರು ಹೀರೋ ಹಳೇ ಟವೆಲ್, ಅದರ ಮೇಲೆ ಫ್ಲೀಸ್ ಬಟ್ಟೆ ಹಾಸಿ, ಇಲ್ಲಾಂದ್ರೆ ಪೇಪರ್ ಬೆಡ್ಡಿಂಗ್ ಹಾಕಿ. ಘಮಘಮ ಅನ್ನೋ ಸೀಡರ್ ಮರದ ಹೊಟ್ಟು ಬೇಡ, ಅದರ ಎಣ್ಣೆ ಅಂಶ ಇವುಗಳ ಉಸಿರಾಟಕ್ಕೆ ಆಗಿಬರಲ್ಲ. ಅಡಗಿ ಕೂರೋಕೆ ರಟ್ಟಿನ ಡಬ್ಬಿ ಇಡಿ, ಆದ್ರೆ ಎರಡು ಬಾಗಿಲು ಕತ್ತರಿಸಿ, ಒಂದೇ ಬಾಗಿಲಿದ್ರೆ ಜೋರಿರೋದು ಬಾಗಿಲಲ್ಲಿ ಕೂತು ಇನ್ನೊಂದನ್ನ ಹೊರಗೆ ಬಿಡಲ್ಲ. 18ರಿಂದ 24 ಡಿಗ್ರಿ ಇದ್ರೆ ಆರಾಮಾಗಿರತ್ತೆ, ಸೆಕೆ ಮಾತ್ರ ತಡ್ಕೊಳ್ಳಲ್ಲ, ಕಿಟಕಿ ಬಿಸಿಲಲ್ಲಿ ಕೇಜ್ ಇಡ್ಬೇಡಿ.

ಎರಡು ಎರಡು ಅಂತ ಯಾಕೆ ಹೇಳ್ತಿದೀನಿ ಅಂದ್ರೆ, ನಿಮ್ಮ ಗಿನಿಪಿಗ್‌ಗೆ ದೊಡ್ಡ ತೊಂದ್ರೆ ಒಂಟಿತನನೇ ಇರಬಹುದು. ಇವುಗಳ ಪೂರ್ವಜರು ದಕ್ಷಿಣ ಅಮೆರಿಕದಲ್ಲಿ ಗುಂಪು ಕಟ್ಕೊಂಡು ಬದುಕಿದೋರು. ಜೊತೆಗೆ ಯಾರಾದ್ರೂ ಇದ್ರೆ ಧೈರ್ಯವಾಗಿರೋ ಜಾತಿ ಇದು. ಸ್ವಿಟ್ಜರ್ಲೆಂಡಲ್ಲಿ 2008ರಿಂದ ಒಂಟಿ ಗಿನಿಪಿಗ್ ಸಾಕೋದು ಕಾನೂನಿಗೇ ವಿರುದ್ಧ. ಜೊತೆಗೆ ಮೊಲ ಬಿಟ್ರೆ ಆಗಲ್ವಾ ಅಂತ ಕೇಳ್ಬೇಡಿ, ಮೊಲದ ಒಂದು ಒದೆ ಸಾಕು ಇದರ ಪಕ್ಕೆಲುಬು ಮುರಿಯೋಕೆ, ಜೊತೆಗೆ ಮೊಲದಲ್ಲಿ ಸುಮ್ನೆ ಇರೋ ಬ್ಯಾಕ್ಟೀರಿಯಾ ಇದಕ್ಕೆ ನ್ಯುಮೋನಿಯಾ ತರಬಹುದು.

ಪ್ರಶ್ನೆ: ವಿಟಮಿನ್ ಸಿ ಡ್ರಾಪ್ಸ್ ನೀರಿನ ಬಾಟ್ಲಿಗೆ ಹಾಕ್ಬೋದಾ?

ಉತ್ತರ: ಬೇಡ. ನೀರಲ್ಲಿ ಅದು ಬೇಗ ಹಾಳಾಗತ್ತೆ, ರುಚಿ ಬದಲಾಯ್ತು ಅಂತ ನೀರು ಕುಡಿಯೋದೇ ಬಿಟ್ರೆ ಇನ್ನೂ ಕಷ್ಟ. ನಮ್ಮ ತರಾನೇ ಇವುಗಳ ದೇಹನೂ ವಿಟಮಿನ್ ಸಿ ಮಾಡ್ಕೊಳ್ಳಲ್ಲ, ದಿನಾ ಹೊಟ್ಟೆಗೆ ಹೋಗ್ಲೇಬೇಕು, ಇಲ್ಲಾಂದ್ರೆ ಕೀಲು ನೋವು, ವಸಡಲ್ಲಿ ರಕ್ತ, ನಡೆಯೋಕೂ ಮನಸ್ಸು ಮಾಡಲ್ಲ. ದಿನಾ ಒಂದು ತುಂಡು ಕ್ಯಾಪ್ಸಿಕಂ ಕೊಡಿ, ಸೊಪ್ಪು ಬದಲಾಯಿಸ್ತಾ ಇರಿ. ಆದ್ರೆ ಇದೆಲ್ಲ ಸೈಡ್ ಐಟಂ, ಊಟ ಅಂದ್ರೆ ಒಣಹುಲ್ಲು, ಹಗಲೂ ರಾತ್ರಿ ಮುಂದೆ ಇರ್ಬೇಕು, ಯಾಕಂದ್ರೆ ಹಲ್ಲು ಜೀವನಪೂರ್ತಿ ಬೆಳೀತಾನೇ ಇರತ್ತೆ, ಹುಲ್ಲು ಅಗಿದಗಿದೇ ಅದು ಸವೀಬೇಕು.

ಪ್ರಶ್ನೆ: ನಾವು ಎರಡು ಗಿನಿಪಿಗ್ ತಂದ್ವಿ, ಎರಡೂ ಹೆಣ್ಣು ಅಂತ ಕೊಟ್ರು. ಈಗ ಒಂದರ ಹೊಟ್ಟೆ ಎರಡೂ ಕಡೆ ಉಬ್ಬಿದೆ!

ಉತ್ತರ: ಹಾಗಾದ್ರೆ ಇನ್ನೊಂದು ಗಂಡು ಅಂತ ಕಾಣತ್ತೆ, ಮರಿಲಿ ಗಂಡು ಹೆಣ್ಣು ಗುರುತಿಸೋದ್ರಲ್ಲಿ ಅಂಗಡಿಯವರು ಎಡವೋದು ಮಾಮೂಲಿ. ಅಥವಾ ಬರೋವಾಗ್ಲೇ ಬಸುರಿ ಇರಬಹುದು. ಗಂಡನ್ನ ಈಗ್ಲೇ ಬೇರೆ ಮಾಡಿ, ಹೆತ್ತ ಕೆಲವೇ ಗಂಟೇಲಿ ತಾಯಿ ಮತ್ತೆ ಗರ್ಭ ಧರಿಸಬಹುದು. ಬಸಿರು 59ರಿಂದ 72 ದಿನ. ಮರಿಗಳು ಕಣ್ಣು ಬಿಟ್ಕೊಂಡು ಮೈತುಂಬ ಕೂದ್ಲು, ಬಾಯಲ್ಲಿ ಹಲ್ಲು ಸಮೇತ ಹುಟ್ಟತ್ವೆ, ನೋಡೋಕೇ ಮಜಾ. ಆದ್ರೆ ತಾಯಿ ವಯಸ್ಸು ಏಳು ತಿಂಗಳು ದಾಟಿ ಇದೇ ಮೊದಲ ಬಸುರಾದ್ರೆ ಈಗ್ಲೇ ವೆಟ್ (ಪ್ರಾಣಿ ಡಾಕ್ಟ್ರು) ಹತ್ರ ತೋರ್ಸಿ, ಅಷ್ಟೊತ್ತಿಗೆ ಸೊಂಟದ ಮೂಳೆ ಕೂಡ್ಕೊಂಡು ಬಿಡತ್ತೆ, ಮರಿ ಹೊರಗೆ ಬರೋಕೆ ಜಾಗ ಸಾಲಲ್ಲ. ಗಂಡು ಮರಿಗಳನ್ನ ಮೂರು ವಾರಕ್ಕೆ ತಾಯಿಯಿಂದ ಬೇರೆ ಇಡಿ.

ಪ್ರಶ್ನೆ: ನಮ್ಮ ಗಿನಿಪಿಗ್ ನಿನ್ನೆಯಿಂದ ಏನೂ ತಿಂತಿಲ್ಲ, ಹಿಕ್ಕೆನೂ ಹಾಕಿಲ್ಲ. ಮನೇಲಿ ಅಮಾಕ್ಸಿಸಿಲಿನ್ ಸಿರಪ್ ಇದೆ, ಎರಡು ಹನಿ ಕೊಡ್ಲಾ?

ಉತ್ತರ: ದಯವಿಟ್ಟು ಕೊಡ್ಬೇಡಿ! ಅಮಾಕ್ಸಿಸಿಲಿನ್ ಪೆನ್ಸಿಲಿನ್ ಜಾತಿ ಔಷಧಿ, ಅಂಥದ್ದು ಬಾಯಿಗೆ ಹಾಕಿದ್ರೆ ಕರುಳಲ್ಲಿರೋ ಒಳ್ಳೆ ಬ್ಯಾಕ್ಟೀರಿಯಾ ಸತ್ತು ಕೆಟ್ಟವು ಮೇಲೆದ್ದು ವಿಷ ಮಾಡತ್ವೆ, ಗಿನಿಪಿಗ್ ಅದರಿಂದಾನೇ ಸಾಯಬಹುದು. ಇಂಥ ಪ್ರಶ್ನೆ ಪತ್ರಿಕೆಗೆ ಬರೆದು ಉತ್ತರಕ್ಕೆ ಕಾಯೋದಲ್ಲ. ಅರ್ಧ ದಿನ ಏನೂ ತಿಂದಿಲ್ಲ ಅಂದ್ರೆ ಕರುಳು ನಿಂತುಹೋಗ್ತಿದೆ ಅಂತ್ಲೇ ಲೆಕ್ಕ, ಅದೇ ದಿನ ವೆಟ್ ಹತ್ರ ಓಡ್ಬೇಕು, ಹೋಗೋ ಮುಂಚೆ ಫೋನ್ ಮಾಡಿ ಗಿನಿಪಿಗ್ ನೋಡ್ತಾರಾ ಕೇಳ್ಕೊಳ್ಳಿ. ಇವು ಕಾಯಿಲೆ ಮುಚ್ಚಿಡೋದ್ರಲ್ಲಿ ನಿಸ್ಸೀಮರು, ಅದಕ್ಕೇ ವಾರಕ್ಕೊಂದ್ಸಲ ಅಡುಗೆಮನೆ ತಕ್ಕಡಿ ಮೇಲೆ ಕೂರ್ಸಿ ತೂಕ ಬರ್ದಿಡಿ. ವೆಟ್ ಹತ್ರ ಹೋಗೋವಾಗ ಆ ಚೀಟಿನೂ, ಎರಡು ಇದ್ರೆ ಜೊತೆಗಾರನನ್ನೂ ಅದೇ ಡಬ್ಬಿಲಿ ಕರ್ಕೊಂಡು ಹೋಗಿ.