ಟೀಚರ್, ಮೀಟರ್ ಬೋರ್ಡ್ ಹತ್ತಿರದಿಂದ ಶುರು ಮಾಡಿ

ನಮಸ್ಕಾರ ಟೀಚರ್,

ನೀವು ಕಳಿಸಿದ 'ಮನೆಯಲ್ಲಿ ವಿದ್ಯುತ್ ಉಳಿಸೋಣ' ಲೇಖನವನ್ನು ಎರಡು ಸಲ ಓದಿದೆ. ನಮ್ಮ ಮಕ್ಕಳ ಪುಟಕ್ಕೆ ಬೇಕಾದ ವಿಷಯವೇ. ಆದರೆ ಈಗಿರುವ ಹಾಗೆ ಹಾಕೋಕೆ ಆಗಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನೀವು ಪಾಠ ಮಾಡುವುದು ಸೋಮವಾರಪೇಟೆ ಕಡೆಯ ನಾಲ್ಕನೇ ಕ್ಲಾಸಿಗೆ. ಲೇಖನದ ಮಗು ಮಾತ್ರ ಎ.ಸಿ. ಆಫ್ ಮಾಡುತ್ತದೆ, ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತುತ್ತದೆ. ತೋಟದ ಕೆಲಸಗಾರರ ಲೈನ್ ಮನೆಗಳಿಂದ ಬರುವ ಮಕ್ಕಳೂ ಇದ್ದಾರೆ ಅಂತ ಪತ್ರದಲ್ಲಿ ನೀವೇ ಬರೆದಿದ್ದೀರಿ. ಎರಡು ಬಲ್ಬು, ಒಂದು ಟಿ.ವಿ. ಇರುವ ಮನೆಯ ಮಗು ಇದನ್ನು ಓದಿ ಏನು ಮಾಡಬೇಕು?

ಮೂರನೇ ಪುಟದಲ್ಲಿ ಒಂದು ಮಾತು ಬರುತ್ತದೆ. ಜುಲೈ ಮಳೆಗೆ ಲೈನ್ ಮೇಲೆ ಮರ ಬಿದ್ದು ನಾಲ್ಕು ದಿನ ಕರೆಂಟ್ ಇರಲಿಲ್ಲ, ನಿಮ್ಮ ವಿದ್ಯಾರ್ಥಿನಿ ಬಚ್ಚಲು ಒಲೆಯ ಮುಂದೆ ಕೂತು ಮಗ್ಗಿ ಬರೆದಳು, ಪುಸ್ತಕಕ್ಕೆಲ್ಲ ಹೊಗೆ ವಾಸನೆ. ಓದುತ್ತಾ ನಾನು ಅಲ್ಲೇ ನಿಂತುಬಿಟ್ಟೆ. ನೀವು ಮಾತ್ರ ಒಂದೇ ಸಾಲಿನಲ್ಲಿ ಮುಗಿಸಿ 'ಆದ್ದರಿಂದ ಮಕ್ಕಳೇ' ಅಂತ ಉಪದೇಶಕ್ಕೆ ಹೊರಟಿದ್ದೀರಿ. ಆ ಹುಡುಗಿಯನ್ನು ಇನ್ನೂ ಸ್ವಲ್ಪ ಹೊತ್ತು ಕೂರಿಸಿ. ಕರೆಂಟ್ ಬಂದಾಗ ಅವಳು ಮೊದಲು ಯಾವ ಸ್ವಿಚ್ ಹಾಕಿದಳು? ಕೇಳಿ ಬರೆಯಿರಿ.

ಒಂದು ತಪ್ಪು ತಿದ್ದಲೇಬೇಕು. ಚಾರ್ಜರನ್ನು ಸುಮ್ನೆ ಪ್ಲಗ್‌ನಲ್ಲಿ ಬಿಟ್ಟರೆ ಬಿಲ್ ದುಪ್ಪಟ್ಟಾಗುತ್ತದೆ ಅಂದಿದ್ದೀರಿ. ಹಾಗಾಗಲ್ಲ. ಫೋನ್ ಸಿಕ್ಕಿಸದ ಚಾರ್ಜರ್ ತಿಂಗಳಿಡೀ ಎಳೆಯುವ ಕರೆಂಟಿಗಿಂತ 2000 ವ್ಯಾಟ್ ಗೀಸರ್ ಹತ್ತು ನಿಮಿಷದಲ್ಲಿ ಎಳೆಯುವುದೇ ಜಾಸ್ತಿ. ಮಕ್ಕಳಿಗೆ ಭಯ ಹುಟ್ಟಿಸುವುದು ಬೇಡ, ಲೆಕ್ಕ ತೋರಿಸೋಣ.

ಆ ಲೆಕ್ಕ ಮನೆಯ ಮೀಟರಿನಲ್ಲೇ ಇದೆ. ಎಲೆಕ್ಟ್ರಾನಿಕ್ ಮೀಟರಿನಲ್ಲಿ ಒಂದು ಪುಟ್ಟ ಕೆಂಪು ದೀಪ ಮಿಣುಕುತ್ತಿರುತ್ತದೆ. ಪಕ್ಕದಲ್ಲಿ 3200 ಅಂತ ಬರೆದಿದ್ದರೆ, ಅಷ್ಟು ಸಲ ಮಿಣುಕಿದಾಗ ಒಂದು ಯೂನಿಟ್. 9 ವ್ಯಾಟ್‌ನ ಒಂದು ಎಲ್‌ಇಡಿ ಬಲ್ಬು ಮಾತ್ರ ಉರಿಯುತ್ತಿದ್ದರೆ ಒಂದು ಮಿಣುಕಿಗೆ ಸುಮಾರು ಎರಡು ನಿಮಿಷ ಕಾಯಬೇಕು. ಗೀಸರ್ ಹಾಕಿ ನೋಡಲಿ, ನಿಮಿಷಕ್ಕೆ ನೂರು ದಾಟುತ್ತದೆ. ಎಣಿಸೋಕೆ ಬಾಯಿ ಸಾಲದು! ಗೀಸರ್ ಇಲ್ಲದ ಮನೆಯಲ್ಲಿ ಇಸ್ತ್ರಿಪೆಟ್ಟಿಗೆ ಸಾಕು. ದೊಡ್ಡವರ ಜೊತೆ ನಿಂತು ನೋಡಬೇಕು, ಬೋರ್ಡ್ ಮುಟ್ಟಬಾರದು ಅನ್ನುವುದನ್ನು ಮಾತ್ರ ಬಿಡದೆ ಸೇರಿಸಿ. ಇದನ್ನು ನೋಡಿದ ಮಗುವಿಗೆ 'ಸ್ವಿಚ್ ಆಫ್ ಮಾಡು' ಅಂತ ಹತ್ತು ಸಲ ಹೇಳಬೇಕಾಗಿಲ್ಲ.

ಇನ್ನೊಂದು ವಿಷಯ. ಬಿಲ್ ಕಡಿಮೆಯಾಗುತ್ತದೆ ಅನ್ನುವುದೊಂದೇ ನೀವು ಕೊಟ್ಟ ಕಾರಣ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಎಷ್ಟೋ ಮನೆಗಳಿಗೆ ಸೊನ್ನೆ ಬಿಲ್. 'ನಮಗೆ ಫ್ರೀ ಅಲ್ವಾ ಟೀಚರ್, ಯಾಕೆ ಉಳಿಸಬೇಕು?' ಅಂತ ಕ್ಲಾಸಿನಲ್ಲಿ ಒಬ್ಬನಾದರೂ ಕೇಳುತ್ತಾನೆ. ಕೇಳಲೇಬೇಕು. ಕರೆಂಟ್ ಎಲ್ಲಿಂದ ಬರುತ್ತದೆ ಅಂತ ಅವನಿಗೆ ಹೇಳಿ. ರಾಯಚೂರಿನಲ್ಲಿ ಅದಕ್ಕಾಗಿ ಕಲ್ಲಿದ್ದಲು ಸುಡುತ್ತಾರೆ. ಇನ್ನು ನಮ್ಮ ನೀರಿನ ಕಥೆ ಬಿಡಲೇಬೇಡಿ. ನಿಮ್ಮ ಕಡೆ ಸುರಿದ ಮಳೆ ಹಾರಂಗಿ ಹೊಳೆ ಸೇರಿ, ಕೂಡಿಗೆಯ ಹತ್ತಿರ ಕಾವೇರಿಗೆ ಕೂಡುತ್ತದೆ. ಅದೇ ಕಾವೇರಿ ಶಿವನಸಮುದ್ರದಲ್ಲಿ ಧುಮುಕುವಾಗ 1902ರಲ್ಲೇ ಕರೆಂಟ್ ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ತನ್ನ ಮನೆಯ ಸೂರಿನಿಂದ ಬಿದ್ದ ನೀರು ಎಲ್ಲೋ ದೀಪ ಹಚ್ಚುತ್ತದೆ ಅಂದರೆ ಯಾವ ಮಗು ಕಣ್ಣರಳಿಸಲ್ಲ ಹೇಳಿ?

ಒಲೆಗೂ ಒಂದು ಪ್ಯಾರಾ ಇರಲಿ. ಹಸಿ ಸೌದೆ ಉರಿಸಿದರೆ ಬಿಸಿಯ ಒಂದು ಪಾಲು ಅದರ ನೀರು ಆರಿಸೋದಕ್ಕೇ ಹೋಗುತ್ತದೆ. ಹಂಡೆಗೆ ಮುಚ್ಚಳ ಹಾಕುವುದು, ಕಡಲೆಯನ್ನು ರಾತ್ರಿಯೇ ನೆನೆಹಾಕುವುದು ಹತ್ತು ವರ್ಷದ ಮಗುವಿಗೂ ಆಗುವ ಕೆಲಸ.

ಮುನ್ನೂರು ಪದ ಸಾಕು. 'ಅಮೂಲ್ಯ ಸಂಪನ್ಮೂಲ' ತೆಗೆದು 'ಕರೆಂಟ್' ಅಂತಲೇ ಬರೆಯಿರಿ. ಮೊದಲು ನಿಮ್ಮ ಕ್ಲಾಸಿನ ಮಕ್ಕಳಿಂದ ಒಂದು ಸಂಜೆ ಮಿಣುಕು ಎಣಿಸಿ, ಅವರು ತಂದ ಲೆಕ್ಕ ತಪ್ಪಿದ್ದರೂ ಹಾಗೇ ಕಳಿಸಿ. ಮಳೆಗಾಲದ ಸಂಚಿಕೆಯಲ್ಲಿ ನಿಮಗಾಗಿ ಅರ್ಧ ಪುಟ ಬಿಟ್ಟಿರುತ್ತೇನೆ.