ಉಪಗ್ರಹದ ಹೊಟ್ಟೆಯೊಳಗಿನ ಕೊಳವೆಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

(ಉಪಗ್ರಹಗಳ ಪ್ರೊಪಲ್ಷನ್, ಅಂದರೆ ಅವನ್ನು ತಳ್ಳುವ ಇಂಜಿನ್ ವಿಭಾಗದಲ್ಲಿ 31 ವರ್ಷ ಮೆಕ್ಯಾನಿಕಲ್ ಇಂಜಿನಿಯರ್ ಆಗಿದ್ದ, ಮಂಡ್ಯದಲ್ಲಿ ಹುಟ್ಟಿ ಈಗ ಮೈಸೂರಿನ ಕುವೆಂಪುನಗರದಲ್ಲಿರುವ ಲೇಖಕಿ ಈ ಸಲ ಉತ್ತರಿಸಿದ್ದಾರೆ.)

ಪ್ರಶ್ನೆ: ಉಪಗ್ರಹವನ್ನು ಮೇಲಕ್ಕೆ ಒಯ್ಯುವುದು ರಾಕೆಟ್. ಹಾಗಾದರೆ ಉಪಗ್ರಹಕ್ಕೆ ಬೇರೆ ಇಂಜಿನ್ ಯಾಕೆ? — ಮದ್ದೂರಿನ ಹೈಸ್ಕೂಲ್ ಶಿಕ್ಷಕರು

ರಾಕೆಟ್ ಮನೆ ಬಾಗಿಲ ತನಕ ಬಿಡುವುದಿಲ್ಲ ಮೇಷ್ಟ್ರೇ. ಈಗ ಬೆಂಗಳೂರಿನ ಬಸ್ಸುಗಳು ನಿಮ್ಮೂರಿನವರನ್ನು ಬೈಪಾಸಿನಲ್ಲಿ ಇಳಿಸಿ ಹೋಗುತ್ತವಲ್ಲ, ಹಾಗೆ. ಮುಂದಿನ ದಾರಿ ನಮ್ಮದೇ. ಟಿವಿ ಉಪಗ್ರಹ ಸುಮಾರು 36,000 ಕಿ.ಮೀ. ಎತ್ತರದಲ್ಲಿ ದುಂಡಗೆ ಸುತ್ತಬೇಕು. ರಾಕೆಟ್ ಬಿಟ್ಟುಹೋಗುವ ದಾರಿ ಮೊಟ್ಟೆಯ ಆಕಾರದ್ದು. ಅದರ ಒಂದು ತುದಿ ಭೂಮಿಗೆ ತೀರಾ ಹತ್ತಿರ. ಅದನ್ನು ದುಂಡಗೆ ಮಾಡುವುದು ಉಪಗ್ರಹದ್ದೇ ಇಂಜಿನ್. ಇಸ್ರೋ ಉಪಗ್ರಹಗಳಲ್ಲಿ ಅದರ ಬಲ 440 ನ್ಯೂಟನ್. ಸುಮಾರು 45 ಕೆ.ಜಿ. ಎತ್ತಿ ಹಿಡಿಯುವಷ್ಟು. ಒಂದು ಸಿಮೆಂಟ್ ಮೂಟೆಗೂ ಸಾಲದು. ಆದರೆ ಹತ್ತಾರು ನಿಮಿಷ ಬಿಡದೆ ತಳ್ಳುತ್ತದೆ, ಅದೇ ಸಾಕು. ಆಮೇಲೂ ಸೂರ್ಯ ಚಂದ್ರರ ಸೆಳೆತಕ್ಕೆ ಉಪಗ್ರಹ ಜಾಗ ಬಿಟ್ಟು ಸರಿಯುತ್ತಿರುತ್ತದೆ. ನಮ್ಮ ಪಕ್ಕದ ಹಾಸನದ ನಿಯಂತ್ರಣ ಕೇಂದ್ರದವರು ಥ್ರಸ್ಟರ್ ಎಂಬ ಚಿಕ್ಕ ಇಂಜಿನ್‌ಗಳನ್ನು ಆಗಾಗ ಉರಿಸಿ ಅದನ್ನು ಜಾಗಕ್ಕೆ ತರುತ್ತಾರೆ. ಇಂಧನ ಮುಗಿದರೆ ಉಳಿದೆಲ್ಲ ಚೆನ್ನಾಗಿದ್ದರೂ ಉಪಗ್ರಹದ ಕೆಲಸ ಮುಗಿಯಿತು.

ಪ್ರಶ್ನೆ: ಮಗಳು ಮೈಸೂರಿನಲ್ಲಿ ಮೆಕ್ಯಾನಿಕಲ್ ಎರಡನೇ ವರ್ಷ ಓದುತ್ತಿದ್ದಾಳೆ. ಕಂಪ್ಯೂಟರ್ ಸೈನ್ಸ್ ತಗೋಬೇಕಿತ್ತು ಅಂತ ನೆಂಟರೆಲ್ಲ ಹೇಳುತ್ತಾರೆ. ಅವಳಿಗೆ ಉಪಗ್ರಹದ ಕೆಲಸ ಮಾಡುವ ಆಸೆ. ಅಲ್ಲಿ ಮೆಕ್ಯಾನಿಕಲ್‌ನವರಿಗೆ ನಿಜವಾಗಿ ಏನು ಕೆಲಸ? — ಮಳವಳ್ಳಿಯ ಒಬ್ಬ ತಾಯಿ

ನೆಂಟರ ಮಾತು ಬಿಡಿ ಅಮ್ಮ. ನಾನು ಮಾಡಿದ ಕೆಲಸವನ್ನೇ ಹೇಳುತ್ತೇನೆ.

ಮಂಡ್ಯದಲ್ಲಿ ನಮ್ಮಪ್ಪನಿಗೆ ಸೈಕಲ್ ಶಾಪ್ ಇತ್ತು. ಟ್ಯೂಬಿಗೆ ಗಾಳಿ ಹೊಡೆದು ನೀರಿನ ಬಾಂಡ್ಲಿಯಲ್ಲಿ ಅದ್ದುವುದು ಅವರು. ಗುಳ್ಳೆ ಬಂದ ಕಡೆ ಬೆರಳಿಟ್ಟು ಹಿಡಿಯುವುದು ನಾನು. ಮುಂದೆ ನೌಕರಿಯಲ್ಲೂ ನನ್ನ ಪಾಲಿಗೆ ಬಂದಿದ್ದು ಅದೇ ಕೆಲಸ, ಸೋರಿಕೆ ಹುಡುಕುವುದು. ಗಾಳಿಯ ಬದಲು ಹೀಲಿಯಂ. ನೀರಿನ ಬದಲು ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರ. ಒಂದು ಜಾಯಿಂಟಿನಲ್ಲಿ ಸೆಕೆಂಡಿಗೆ ಒಂದು ಘನ ಸೆಂಟಿಮೀಟರ್‌ನ ಹತ್ತು ಲಕ್ಷದ ಒಂದು ಭಾಗ ಸೋರಿದರೂ ಅದು ತೋರಿಸುತ್ತದೆ. ಆ ಲೆಕ್ಕದಲ್ಲಿ ಬರೀ ಒಂದು ಘನ ಸೆಂಟಿಮೀಟರ್ ಹೊರಗೆ ಹೋಗಲು ಹನ್ನೊಂದೂವರೆ ದಿನ ಬೇಕು. ಇಷ್ಟಕ್ಕೆಲ್ಲ ಯಾಕೆ ಹೆದರಬೇಕು ಅನ್ನಿಸಬಹುದು. ಉಪಗ್ರಹ ಹತ್ತು ಹದಿನೈದು ವರ್ಷ ದುಡಿಯಬೇಕು. ಪಂಕ್ಚರ್ ಹಾಕಲು ಅಲ್ಲಿಗೆ ಯಾರೂ ಹೋಗುವುದಿಲ್ಲ.

ಒಳಗೆ ಏನಿರುತ್ತದೆ ನೋಡಿ. ಟೈಟಾನಿಯಂ ಟ್ಯಾಂಕುಗಳು. ಒಂದರಲ್ಲಿ ಇಂಧನ, ಇನ್ನೊಂದರಲ್ಲಿ ಅದು ಉರಿಯಲು ಬೇಕಾದ ಆಕ್ಸಿಜನ್ ಕೊಡುವ ಆಕ್ಸಿಡೈಸರ್. ಇವೆರಡೂ ಒಂದಕ್ಕೊಂದು ತಾಗಿದರೆ ಸಾಕು, ಕಿಡಿ ಇಲ್ಲದೆಯೇ ಹೊತ್ತಿಕೊಳ್ಳುತ್ತವೆ. ಎರಡೂ ವಿಷ. ತುಂಬುವವರು ಮೈಪೂರ್ತಿ ಮುಚ್ಚುವ ಸೂಟ್ ಹಾಕಿರುತ್ತಾರೆ. ಹೀಲಿಯಂ ಹಿಂದಿನಿಂದ ಒತ್ತಿ ಇಂಧನವನ್ನು ಕೊಳವೆಗೆ ತಳ್ಳುತ್ತದೆ. ಆದರೆ ತೂಕವೇ ಇಲ್ಲದ ಕಡೆ ದ್ರವ ತಳದಲ್ಲಿ ನಿಲ್ಲುವುದಿಲ್ಲ, ಟ್ಯಾಂಕಿನೊಳಗೆ ಎಲ್ಲೆಂದರಲ್ಲಿ ತೇಲುತ್ತದೆ. ಕೊಳವೆಗೆ ಇಂಧನದ ಬದಲು ಬರೀ ಗ್ಯಾಸ್ ಹೋದರೆ ಇಂಜಿನ್ ಕೆಟ್ಟಂತೆ. ಅದಕ್ಕೇ ಟ್ಯಾಂಕಿನೊಳಗೆ ತೆಳ್ಳನೆ ಲೋಹದ ರೆಕ್ಕೆ, ಜಾಲರಿ ಇಡುತ್ತಾರೆ. ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುವ ಹಾಗೆ ಅವು ದ್ರವವನ್ನು ಬಾಯಿಯ ಹತ್ತಿರ ಹಿಡಿದಿಡುತ್ತವೆ. ನನಗೆ ಇಂದಿಗೂ ಇದು ಎಲ್ಲಕ್ಕಿಂತ ಚಂದ ಕಾಣುತ್ತದೆ. ಹೈಡ್ರಜೀನ್ ಎಂಬ ಇಂಧನ ಬಳಸುವ ಉಪಗ್ರಹವಾದರೆ ಚಳಿಯ ಚಿಂತೆ ಬೇರೆ. ಅದು 2 ಡಿಗ್ರಿ ಸುಮಾರಿಗೇ ಹೆಪ್ಪುಗಟ್ಟುತ್ತದೆ. ಕೊಳವೆಯುದ್ದಕ್ಕೂ ಹೀಟರ್ ಸುತ್ತಬೇಕು.

ಫ್ಲೂಯಿಡ್ ಮೆಕ್ಯಾನಿಕ್ಸ್, ಹೀಟ್ ಟ್ರಾನ್ಸ್‌ಫರ್, ವೈಬ್ರೇಷನ್, ವೆಲ್ಡಿಂಗ್: ನಿಮ್ಮ ಮಗಳು ಈಗ ಓದುತ್ತಿರುವುದು, ಮುಂದೆ ಓದುವುದು ಇವನ್ನೇ ಅಲ್ವಾ? ಎಲ್ಲವೂ ಇಲ್ಲಿ ಬೇಕು.

ಒಂದು ತಪ್ಪನ್ನೂ ಹೇಳಬೇಕು. ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಸಂಜೆ ಮನೆಗೆ ಹೋಗುವ ಅವಸರದಲ್ಲಿ ಒಂದು ಜಾಯಿಂಟಿನ ಟಾರ್ಕ್, ಅಂದರೆ ಅದನ್ನು ಎಷ್ಟು ಬಿಗಿ ಮಾಡಿದೆ ಅನ್ನುವುದನ್ನು, ಇನ್ನೊಮ್ಮೆ ನೋಡದೆ ಸಹಿ ಹಾಕಿದೆ. ಲೀಕ್ ಟೆಸ್ಟಿನಲ್ಲಿ ಮುಳ್ಳು ಮೇಲೆ ಹೋಯಿತು. ಜಾಯಿಂಟುಗಳನ್ನು ಒಂದೊಂದಾಗಿ ಹುಡುಕುತ್ತಾ ಐದು ದಿನ ಹೋಯಿತು. ಸಿಕ್ಕಿದ್ದು ನಾನು ಸಹಿ ಹಾಕಿದ್ದೇ. ಯಾರೂ ಬೈಯಲಿಲ್ಲ. ಹಿರಿಯರೊಬ್ಬರು ಆ ಹಾಳೆಯನ್ನು ನನ್ನ ಮುಂದಿಟ್ಟು, ಅದರ ಕೆಳಗೆ ಆದದ್ದನ್ನೆಲ್ಲ ಬರೆಯಲು ಹೇಳಿದರು. ಬರೆಯುವಾಗ ಕೈ ನಡುಗುತ್ತಿತ್ತು. ಅಂದಿನಿಂದ ಸಹಿ ಹಾಕುವ ಮುಂಚೆ ಜಾಯಿಂಟಿನ ಮೇಲೆ ಒಮ್ಮೆ ಕೈ ಇಡದೆ ಇದ್ದದ್ದಿಲ್ಲ.

ಒಂದು ವಾಲ್ವ್ ಏನೆಲ್ಲ ಮಾಡುತ್ತದೆ ಅನ್ನುವುದಕ್ಕೆ ಎಲ್ಲರಿಗೂ ಗೊತ್ತಿರುವ ಎರಡು ಘಟನೆ ಸಾಕು. ಮಂಗಳಯಾನದ ಇಂಜಿನ್ ವಾಲ್ವುಗಳ ಸಮೇತ ಸುಮಾರು 300 ದಿನ ಸುಮ್ನೆ ಇತ್ತು. 2014ರ ಸೆಪ್ಟೆಂಬರ್ 22ರಂದು ನಾಲ್ಕು ಸೆಕೆಂಡ್ ಉರಿಸಿ ನೋಡಿದರು. 24ರಂದು ಸುಮಾರು 23 ನಿಮಿಷ ಉರಿದು ನೌಕೆಯನ್ನು ಮಂಗಳನ ಸುತ್ತ ನಿಲ್ಲಿಸಿತು. ಸುದ್ದಿ ಭೂಮಿಗೆ ಬರಲು ಹನ್ನೆರಡು ನಿಮಿಷಕ್ಕೂ ಜಾಸ್ತಿ ಬೇಕಿತ್ತು. ಆ ಹನ್ನೆರಡು ನಿಮಿಷ ನಾನು ಕೂತಲ್ಲಿಂದ ಏಳಲಿಲ್ಲ. ಇನ್ನೊಂದು, 2025ರ ಜನವರಿಯಲ್ಲಿ ಹಾರಿದ, ದಾರಿ ತೋರಿಸುವ ನ್ಯಾವಿಗೇಷನ್ ಉಪಗ್ರಹ ಎನ್‌ವಿಎಸ್-02. ರಾಕೆಟ್ ತನ್ನ ಕೆಲಸ ಸರಿಯಾಗಿ ಮಾಡಿತು. ಆದರೆ ಉಪಗ್ರಹದಲ್ಲಿ ಆಕ್ಸಿಡೈಸರ್ ಬಿಡುವ ವಾಲ್ವ್ ತೆರೆಯಲಿಲ್ಲ. ಕಕ್ಷೆ ಎತ್ತರಿಸಲು ಆಗಲೇ ಇಲ್ಲ. ಆ ಸುದ್ದಿ ಓದಿದ ದಿನ ಊಟ ಸೇರಲಿಲ್ಲ. ಅದರ ಹಿಂದೆ ಎಷ್ಟು ಜನರ ಎಷ್ಟು ರಾತ್ರಿಗಳಿವೆ ಅಂತ ನನಗೆ ಗೊತ್ತು.

ಮಗಳಿಗೆ ಹೇಳಿ: ಕೋಡಿಂಗ್ ಕಲಿಯಲಿ, ಅದೂ ಬೇಕು. ಆದರೆ ಕಾಲೇಜಿನ ವರ್ಕ್‌ಶಾಪ್ ತಪ್ಪಿಸುವುದು ಬೇಡ. ಇಸ್ರೋದ ಪರೀಕ್ಷೆಗೆ ಮಾರ್ಕ್ಸ್ 65 ಪರ್ಸೆಂಟಿಗಿಂತ ಕೆಳಗೆ ಹೋಗದ ಹಾಗೆ ನೋಡಿಕೊಳ್ಳಲಿ. ಈಗ ಖಾಸಗಿ ಕಂಪನಿಗಳೂ ಥ್ರಸ್ಟರ್ ಮಾಡುತ್ತಿವೆ. ನಮ್ಮ ಕಾಲದಲ್ಲಿ ಆ ಬಾಗಿಲು ಇರಲಿಲ್ಲ.

ಪ್ರಶ್ನೆ: ಟಿಪ್ಪುವಿನ ರಾಕೆಟ್ಟಿಗೂ ಈಗಿನದಕ್ಕೂ ಏನಾದರೂ ಸಂಬಂಧ ಇದೆಯೇ? — ಶ್ರೀರಂಗಪಟ್ಟಣದ ಪಿಯುಸಿ ವಿದ್ಯಾರ್ಥಿ

ಇದೆ, ಅದೂ ಮೆಕ್ಯಾನಿಕಲ್ ಸಂಬಂಧ. ಮದ್ದು ಹಳೆಯದೇ, ಕೊಳವೆ ಹೊಸದು. ಮೈಸೂರಿನವರು ಮದ್ದನ್ನು ಕಬ್ಬಿಣದ ಕೊಳವೆಗೆ ತುಂಬಿದರು. ಕಬ್ಬಿಣ ಜಾಸ್ತಿ ಒತ್ತಡ ತಡೆಯುತ್ತದೆ, ಹಾಗಾಗಿ ರಾಕೆಟ್ ದೂರ ಹೋಯಿತು. 1799ರ ನಂತರ ಇಲ್ಲಿಂದ ಒಯ್ದದ್ದನ್ನು ನೋಡಿಯೇ ಇಂಗ್ಲೆಂಡಿನ ಕಾಂಗ್ರೀವ್ ತನ್ನ ರಾಕೆಟ್ ಮಾಡಿದ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನ ಹಾಳುಬಾವಿಯಲ್ಲಿ ಇಂಥವು ಸಾವಿರದಷ್ಟು ಸಿಕ್ಕವು. ಅವಕಾಶವಾದರೆ ನೋಡು. ಒತ್ತಡ ತಡೆಯುವ ಗೋಡೆ ಎಷ್ಟು ದಪ್ಪ ಇರಬೇಕು ಅನ್ನುವ ಲೆಕ್ಕ ನಾವು ಇಂದಿಗೂ ಹಾಕುತ್ತೇವೆ.

ಪ್ರಶ್ನೆ: ನಾನು ಐಟಿಐ ಫಿಟ್ಟರ್. ಪಾಂಡವಪುರದಲ್ಲಿ ವೆಲ್ಡಿಂಗ್ ಶೆಡ್ಡಿನಲ್ಲಿದ್ದೇನೆ. ನನ್ನಂಥವರಿಗೆ ಅಲ್ಲಿ ಜಾಗ ಇದೆಯಾ?

ಖಂಡಿತ ಇದೆ ತಮ್ಮ. ಇಸ್ರೋ ಐಟಿಐ ಮಾಡಿದವರನ್ನು ಟೆಕ್ನಿಷಿಯನ್ ಹುದ್ದೆಗೆ, ಅಪ್ರೆಂಟಿಸ್ ಆಗಿಯೂ ತೆಗೆದುಕೊಳ್ಳುತ್ತದೆ. ಪ್ರಕಟಣೆ ಬಂದಾಗ ಬಿಡಬೇಡ. ಅಲ್ಲಿ ಕೊಳವೆಗಳನ್ನು ಆರ್ಗಾನ್ ಗ್ಯಾಸ್ ಬಿಟ್ಟು ಮಾಡುವ ಟಿಗ್ ವೆಲ್ಡಿಂಗ್‌ನಲ್ಲಿ ಸೇರಿಸುತ್ತಾರೆ, ಪ್ರತಿ ವೆಲ್ಡಿಗೂ ಎಕ್ಸ್‌ರೇ ತೆಗೆಯುತ್ತಾರೆ. ಈಗಿನಿಂದಲೇ ಸ್ಟೇನ್‌ಲೆಸ್ ಸ್ಟೀಲಿನ ಸಣ್ಣ ಪೈಪುಗಳ ಮೇಲೆ ಕೈ ಪಳಗಿಸು. ಮುಗಿದ ಮೇಲೆ ಉದ್ದಕ್ಕೆ ಸೀಳಿ ಒಳಗಿನ ಬದಿ ನೋಡು. ಒಳಗೆ ಕಪ್ಪಾಗಿದ್ದರೆ ಗ್ಯಾಸ್ ಸರಿಯಾಗಿ ಹೋಗಿಲ್ಲ, ಇನ್ನೊಂದು ಮಾಡು.