ಹಿಮ ಬಾಯಿಗೆ ಹಾಕಿಕೊಂಡರೆ ಏನಾಗುತ್ತೆ ಡಾಕ್ಟ್ರೇ?

ಪ್ರಶ್ನೆ: ನಮ್ಮ ಮಗನಿಗೆ ಮೂರೂವರೆ ವರ್ಷ. ಹಿಮ ಬಿದ್ದ ದಿನ ಹೊರಗೆ ಬಿಟ್ಟರೆ ಸಾಕು, ಬಾಚಿ ಬಾಚಿ ಬಾಯಿಗೆ ಹಾಕಿಕೊಳ್ಳುತ್ತಾನೆ. ನಾನು ಬೆರಳು ಹಾಕಿ ತೆಗೆಯುತ್ತೇನೆ, ಅವನು ಅಳುತ್ತಾನೆ. ಅತ್ತೆ ಮಾತ್ರ "ನೀರೇ ತಾನೆ, ತಿನ್ನಲಿ ಬಿಡು" ಅನ್ನುತ್ತಾರೆ. ಯಾರ ಮಾತು ಸರಿ?

ಉತ್ತರ: ಮೊದಲು ಆ ಬೆರಳು ಹಾಕುವುದನ್ನು ಬಿಡಿ. ಆಗಷ್ಟೇ ಬಿದ್ದ ಬಿಳಿ ಹಿಮವನ್ನು ಒಂದೆರಡು ಚಿಟಿಕೆ ತಿಂದರೆ ಹೆದರಬೇಕಾಗಿಲ್ಲ. ಅಷ್ಟರಮಟ್ಟಿಗೆ ನಿಮ್ಮ ಅತ್ತೆಯವರ ಮಾತು ಸರಿ. ಆದರೆ ಬರೀ ನೀರು ಅನ್ನೋಕಾಗಲ್ಲ. ಹಿಮದ ಹರಳು ಕಟ್ಟಿಕೊಳ್ಳುವುದೇ ಸಾಮಾನ್ಯವಾಗಿ ಒಂದು ಧೂಳಿನ ಕಣದ ಸುತ್ತ. ಕೆಳಗಿಳಿಯುತ್ತಾ ಗಾಳಿಯಲ್ಲಿರುವ ಹೊಗೆ, ಮಸಿಯನ್ನೂ ಅಂಟಿಸಿಕೊಂಡು ಬರುತ್ತದೆ. ಅದಕ್ಕೇ ಶುರುವಿನಲ್ಲಿ ಬಿದ್ದದ್ದಕ್ಕಿಂತ ಸ್ವಲ್ಪ ಹೊತ್ತು ಸುರಿದ ಮೇಲಿನದು ಚೊಕ್ಕ.

ನನ್ನ ಮಗಳೂ ನಾಲ್ಕು ವರ್ಷದವಳಿದ್ದಾಗ ಇದೇ ಹಟ ಹಿಡಿಯುತ್ತಿದ್ದಳು. ಒಂದು ದಿನ ಅವಳ ಕೈಗೆ ಎರಡು ಗಾಜಿನ ಲೋಟ ಕೊಟ್ಟೆ. ಒಂದಕ್ಕೆ ಅಂಗಳದ ಮೇಲ್ಪದರದ ಹಿಮ, ಇನ್ನೊಂದಕ್ಕೆ ರಸ್ತೆ ಪಕ್ಕ ಗುಡ್ಡೆ ಹಾಕಿದ್ದು. ಎರಡೂ ಬೆಳ್ಳಗೇ ಕಾಣುತ್ತಿದ್ದವು. ಒಳಗೆ ತಂದು ಕಿಟಕಿ ಹತ್ತಿರ ಇಟ್ಟೆವು. ಕರಗಿದ ಮೇಲೆ ರಸ್ತೆಯ ಲೋಟದ ತಳದಲ್ಲಿ ಮರಳು, ಕಪ್ಪು ಗಸಿ, ಒಂದೆಳೆ ಕೂದಲು. ಅವಳು ಮೂಗು ತಾಗುವಷ್ಟು ಹತ್ತಿರ ಬಗ್ಗಿ ನೋಡಿ, "ಇದು ನಂಗೆ ಬೇಡಮ್ಮ" ಅಂದಳು. ಆಮೇಲೆ ನಾನು ಬೈಯಬೇಕಾಗಲಿಲ್ಲ.

ನಿಜವಾದ ಅಪಾಯ ಇರುವುದು ಆ ರಸ್ತೆ ಪಕ್ಕದ ಗುಡ್ಡೆಯಲ್ಲೇ. ಹಿಮ ಕರಗಿಸಲು ಹಾಕಿದ ಉಪ್ಪು ಅದರಲ್ಲಿರುತ್ತದೆ, ವಾಹನಗಳಿಂದ ಸೋರಿದ್ದೂ ಇರುತ್ತದೆ. ಎಂಜಿನ್‌ಗೆ ಹಾಕುವ ಕೂಲಂಟ್ ಬಾಯಿಗೆ ಸಿಹಿ, ಹೊಟ್ಟೆಗೆ ವಿಷ. ಮಗುವಿಗೆ ಅದು ಸ್ವಲ್ಪ ಹೋದರೂ ಜಾಸ್ತಿಯೇ. ಹಳದಿ ಹಿಮ ಎಂದರೆ ಯಾವುದೋ ಪ್ರಾಣಿ ಉಚ್ಚೆ ಹೊಯ್ದಿದೆ ಅಂತಲೇ ತಿಳಿಯಿರಿ. ಬೆಟ್ಟದ ಮೇಲೆ ಗುಲಾಬಿ ಬಣ್ಣದ ಹಿಮ ಕಾಣುವುದುಂಟು, ಅದು ಪಾಚಿ. ತಿಂದರೆ ಹೊಟ್ಟೆ ಕೆಡಬಹುದು. ಮರದ ಕೆಳಗಿನದೂ ಬೇಡ, ಹಕ್ಕಿ ಹಿಕ್ಕೆ ಬಿದ್ದಿರುತ್ತದೆ. ಚಳಿಗೆ ರೋಗಾಣುಗಳೆಲ್ಲ ಸಾಯುತ್ತವೆ ಅನ್ನುವುದು ಸುಳ್ಳು.

ಇನ್ನೊಂದು, ಅವನ ಉಲ್ಲನ್ ಗ್ಲೌಸ್ ನೋಡಿ. ಮಕ್ಕಳು ಅದಕ್ಕೆ ಅಂಟಿದ ಹಿಮದ ಉಂಡೆಗಳನ್ನು ಚೀಪುತ್ತಾರೆ, ಅಲ್ವಾ? ಅದೇ ಗ್ಲೌಸ್‌ನಲ್ಲಿ ಮೂಗು ಒರೆಸಿರುತ್ತಾರೆ, ಜಾರುಬಂಡೆ ಹಿಡಿದಿರುತ್ತಾರೆ. ನನಗೆ ಹಿಮಕ್ಕಿಂತ ಆ ಗ್ಲೌಸ್‌ನದೇ ಚಿಂತೆ ಜಾಸ್ತಿ.

ಬಾಯಾರಿಕೆಗೆ ಹಿಮ ತಿನ್ನಿಸಬೇಡಿ. ಅದನ್ನು ಕರಗಿಸಲು ಮೈಯ ಕಾವೇ ಖರ್ಚಾಗುತ್ತದೆ. ಹೊರಡುವ ಮುಂಚೆ ನೀರು ಕುಡಿಸಿ. ಗಟ್ಟಿ ಮಂಜುಗಡ್ಡೆ ಚೂರುಗಳನ್ನೂ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ.

ಕೂಲಂಟ್ ಬಿದ್ದ ಹಿಮ ತಿಂದಿದ್ದಾನೆ ಅನ್ನುವ ಅನುಮಾನ ಬಂದರೆ ವಾಂತಿ ಮಾಡಿಸಲು ಹೋಗಬೇಡಿ. ಮಗು ತೂರಾಡಲಿ, ಮಂಕಾಗಲಿ ಎಂದು ಕಾಯಲೂ ಬೇಡಿ. ಚೆನ್ನಾಗಿ ಆಡುತ್ತಿದ್ದರೂ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.